ತಾಯಿಯ ಕೈ, ಕಾನೂನಿನ ಕೈ

1956ರ ಏಪ್ರಿಲ್‌ನಲ್ಲಿ ಕೆನ್ಯಾದ ಮೇರು ಜಿಲ್ಲೆಯ ಹಿರಿಯರ ಸಭೆ ಒಂದು ಕಟ್ಟಳೆ ಹೊರಡಿಸಿತು: ಇನ್ನು ಮುಂದೆ ಹುಡುಗಿಯರ ಜನನಾಂಗವನ್ನು ಕತ್ತರಿಸುವ ಸಂಸ್ಕಾರ ಯಾರ ಮನೆಯಲ್ಲೂ ನಡೆಯಕೂಡದು. ‘ನ್ಜುರಿ ನ್ಚೆಕೆ’ ಎಂಬ ಆ ಸಭೆಯಲ್ಲಿದ್ದವರೆಲ್ಲ ಗಂಡಸರು. ಅವರ ಬೆನ್ನಿಗೆ ಬ್ರಿಟಿಷ್ ಅಧಿಕಾರಿಗಳಿದ್ದರು. ಅದು ಮೌ ಮೌ ದಂಗೆಯ ಕಾಲ. ವಸಾಹತು ಸರ್ಕಾರ ತುರ್ತು ಪರಿಸ್ಥಿತಿ ಹೇರಿತ್ತು. ಕಟ್ಟಳೆ ಹೊರಬಿದ್ದ ಮೇಲೆ ನಡೆದದ್ದನ್ನು ಅಧಿಕಾರಿಗಳಾಗಲಿ ಹಿರಿಯರಾಗಲಿ ಎಣಿಸಿರಲಿಲ್ಲ. ಹುಡುಗಿಯರು ಅಂಗಡಿಯಿಂದ ಬ್ಲೇಡು ಕೊಂಡು ತಂದು ತಾವೇ ಒಬ್ಬರಿಗೊಬ್ಬರು ಕತ್ತರಿಸಿಕೊಳ್ಳತೊಡಗಿದರು. ಜನ ಅವರನ್ನು ‘ನ್ಗೈಟಾನ’ ಎಂದು ಕರೆದರು. ‘ನನಗೆ ನಾನೇ ಮಾಡಿಕೊಳ್ಳುತ್ತೇನೆ’ ಎಂದು ಆ ಮಾತಿನ ಅರ್ಥ. ಮುಂದಿನ ಮೂರು ವರ್ಷಗಳಲ್ಲಿ ಈ ಕಟ್ಟಳೆಯನ್ನು ಮೀರಿದ್ದಕ್ಕಾಗಿ 2,400ಕ್ಕೂ ಹೆಚ್ಚು ಹುಡುಗಿಯರು, ಹೆಂಗಸರು, ಗಂಡಸರು ಸ್ಥಳೀಯ ನ್ಯಾಯಾಲಯಗಳ ಮುಂದೆ ನಿಂತರು.

ಇತಿಹಾಸಕಾರ್ತಿ ಲಿನ್ ಥಾಮಸ್ ದಾಖಲಿಸಿರುವ ಈ ಪ್ರಸಂಗವನ್ನು ಮೊದಲ ಸಲ ಓದಿದಾಗ ನಾನು ಯಾರ ಪಕ್ಷದಲ್ಲಿ ನಿಲ್ಲಬೇಕೆಂದೇ ತೋಚಲಿಲ್ಲ. ಹೆಣ್ಣುಮಗುವಿನ ಅಂಗವನ್ನು ಕತ್ತರಿಸುವುದು ಹಿಂಸೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಿಂಸೆಯನ್ನು ನಿಷೇಧಿಸುವುದು ಸರಿ ಎಂಬುದರಲ್ಲೂ ಇರಲಿಲ್ಲ. ಹಾಗಿದ್ದರೆ ಆ ಬ್ಲೇಡು ಹಿಡಿದ ಹುಡುಗಿಯರನ್ನು ಏನೆಂದು ಕರೆಯುವುದು? ತಮ್ಮ ದೇಹದ ಮೇಲೆ ತಮ್ಮದೇ ಹಕ್ಕು ಎಂದು ಹೊರಟವರೆಂದೇ? ಹಕ್ಕನ್ನು ಚಲಾಯಿಸಲು ಹೋಗಿ ಅದೇ ದೇಹವನ್ನು ಕಳೆದುಕೊಂಡವರೆಂದೇ? ಒಳ್ಳೆಯ ಕಾನೂನೊಂದು ಕೆಟ್ಟ ಆಚಾರವನ್ನು ಇನ್ನಷ್ಟು ಗಟ್ಟಿಗೊಳಿಸಿದರೆ ತಪ್ಪು ಯಾರದು? ಈ ಪ್ರಬಂಧ ಆ ಗೊಂದಲದಿಂದ ಹುಟ್ಟಿದ್ದು.

ಮೊದಲಿಗೆ ವಿಷಯವನ್ನು ನೇರವಾಗಿ ಹೇಳಿಬಿಡಬೇಕು. ಮುಚ್ಚಿಟ್ಟು ಆಡುವ ಮಾತು ಈ ಆಚಾರಕ್ಕೆ ಯಾವತ್ತೂ ಅನುಕೂಲವೇ. ಸ್ತ್ರೀ ಜನನಾಂಗ ಛೇದನ ಎಂದರೆ ವೈದ್ಯಕೀಯ ಕಾರಣವಿಲ್ಲದೆ ಹೆಣ್ಣಿನ ಹೊರ ಜನನಾಂಗದ ಒಂದು ಭಾಗವನ್ನೋ ಪೂರ್ಣವಾಗಿಯೋ ಕತ್ತರಿಸುವುದು ಅಥವಾ ಅದಕ್ಕೆ ಗಾಯ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕೆಲವೆಡೆ ಭಗಾಂಕುರವನ್ನೋ ಅದರ ಮೇಲಿನ ಚರ್ಮವನ್ನೋ ತೆಗೆಯುತ್ತಾರೆ. ಕೆಲವೆಡೆ ಒಳತುಟಿಗಳನ್ನೂ ಕತ್ತರಿಸುತ್ತಾರೆ. ಸೊಮಾಲಿಯಾ, ಸುಡಾನ್‌ಗಳಲ್ಲಿ ಹೆಚ್ಚಾಗಿ ಕಾಣುವ ಅತ್ಯಂತ ತೀವ್ರ ಬಗೆಯಲ್ಲಿ, ಕತ್ತರಿಸಿದ ಅಂಚುಗಳನ್ನು ಕೂಡಿಸಿ ಒಂದು ಸಣ್ಣ ರಂಧ್ರ ಮಾತ್ರ ಉಳಿಯುವಂತೆ ಹೊಲಿಯುತ್ತಾರೆ. ರಕ್ತಸ್ರಾವ, ಸೋಂಕು, ಮೂತ್ರದ ತೊಂದರೆ, ಬಾಣಂತನದ ಅಪಾಯ ಇವೆಲ್ಲ ಇದರ ಬೆನ್ನಿಗೆ ಬರುತ್ತವೆ. ಆಫ್ರಿಕಾದ ಆರು ದೇಶಗಳಲ್ಲಿ 28,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಛೇದನಕ್ಕೆ ಒಳಗಾದ ಹೆಂಗಸರಲ್ಲಿ ಹೆರಿಗೆಯ ತೊಡಕುಗಳೂ ಹಸುಗೂಸುಗಳ ಸಾವೂ ಹೆಚ್ಚೆಂದು ತೋರಿಸಿತು. ಯುನಿಸೆಫ್ 2024ರಲ್ಲಿ ಕೊಟ್ಟ ಅಂದಾಜಿನಂತೆ ಇದನ್ನು ಅನುಭವಿಸಿ ಇಂದು ಬದುಕಿರುವ ಹುಡುಗಿಯರು ಮತ್ತು ಹೆಂಗಸರು 23 ಕೋಟಿಗೂ ಹೆಚ್ಚು. ಅವರಲ್ಲಿ 14 ಕೋಟಿಗೂ ಹೆಚ್ಚು ಮಂದಿ ಆಫ್ರಿಕಾದಲ್ಲಿದ್ದಾರೆ, ಸುಮಾರು 8 ಕೋಟಿ ಮಂದಿ ಏಷ್ಯಾದಲ್ಲಿದ್ದಾರೆ.

ಇದು ಒಂದು ಧರ್ಮದ ಆಚಾರವಲ್ಲ. ಮುಸ್ಲಿಮರಲ್ಲಿದೆ, ಕ್ರೈಸ್ತರಲ್ಲಿದೆ, ಹಳೆಯ ಬುಡಕಟ್ಟು ನಂಬಿಕೆಗಳವರಲ್ಲಿದೆ. ಇಥಿಯೋಪಿಯಾದ ಯೆಹೂದಿಗಳಲ್ಲೂ ಇತ್ತು. ಕುರ್‌ಆನ್‌ನಲ್ಲಾಗಲಿ ಬೈಬಲ್‌ನಲ್ಲಾಗಲಿ ಇದಕ್ಕೆ ಆಜ್ಞೆಯಿಲ್ಲ. ‘ಕಾಡುಜನರ ಪದ್ಧತಿ’ ಎಂದು ಕೈ ತೊಳೆದುಕೊಳ್ಳುವವರೂ ಒಂದು ಸಂಗತಿ ನೆನಪಿಡಬೇಕು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಐಸಾಕ್ ಬೇಕರ್ ಬ್ರೌನ್ ಎಂಬ ಹೆಸರಾಂತ ಶಸ್ತ್ರವೈದ್ಯ, ಹೆಂಗಸರ ಅಪಸ್ಮಾರ ಮತ್ತು ಉನ್ಮಾದಗಳಿಗೆ ಮದ್ದೆಂದು ಭಗಾಂಕುರವನ್ನು ಕತ್ತರಿಸುತ್ತಿದ್ದ. 1867ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ ಅವನನ್ನು ಹೊರಹಾಕಿತು. ಹೆಣ್ಣಿನ ಆಸೆಯನ್ನು ಕತ್ತರಿಯಿಂದ ಪಳಗಿಸಬಹುದು ಎಂಬ ಕಲ್ಪನೆ ಯಾವ ಖಂಡದ ಸ್ವತ್ತೂ ಅಲ್ಲ.

ಇನ್ನು ನೈತಿಕ ಪ್ರಶ್ನೆಗೆ ಬರೋಣ. ಹಿಂಸೆಯ ಬಗ್ಗೆ ಯೋಚಿಸುವಾಗ ನಾವು ಸಾಮಾನ್ಯವಾಗಿ ಒಬ್ಬ ಕೆಟ್ಟ ಮನುಷ್ಯನನ್ನು ಹುಡುಕುತ್ತೇವೆ. ಇಲ್ಲಿ ಹುಡುಕಿದರೆ ಸಿಗುವವಳು ತಾಯಿ. ಮಗುವಿನ ಕಾಲು ಹಿಡಿದಿರುವವಳು ಅಜ್ಜಿ, ಚಿಕ್ಕಮ್ಮ, ಸೋದರತ್ತೆ. ಕತ್ತರಿಸುವವಳು ಬಹುಪಾಲು ಕಡೆ ಊರಿನ ಹಿರಿಯ ಹೆಂಗಸು, ಎಷ್ಟೋ ಸಲ ಸೂಲಗಿತ್ತಿ. ಅವರಾರೂ ಆ ಮಗುವಿನ ಶತ್ರುಗಳಲ್ಲ. ಅವರು ಹಬ್ಬದಡುಗೆ ಮಾಡುತ್ತಾರೆ, ಹೊಸ ಬಟ್ಟೆ ತೊಡಿಸುತ್ತಾರೆ, ಗಾಯ ಮಾಯುವವರೆಗೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿರುತ್ತಾರೆ. ತಾವು ಅನುಭವಿಸಿದ ನೋವು ಅವರಿಗೆ ಮರೆತಿಲ್ಲ. ಆದರೂ ಮಾಡುತ್ತಾರೆ. ಯಾಕೆಂದರೆ ಮಾಡದಿದ್ದರೆ ಮಗಳಿಗೆ ಮದುವೆಯಾಗದು, ಅವಳ ಕೈಯ ಅಡುಗೆಯನ್ನು ಯಾರೂ ಮುಟ್ಟರು, ನೀರಿನ ಬಳಿ ಉಳಿದ ಹೆಂಗಸರು ಅವಳನ್ನು ಹಂಗಿಸುತ್ತಾರೆ. ಆ ತಾಯಿಯ ಲೆಕ್ಕದಲ್ಲಿ ಒಂದು ದಿನದ ನೋವು ಒಂದು ಕಡೆ, ಇಡೀ ಬದುಕಿನ ಬಹಿಷ್ಕಾರ ಇನ್ನೊಂದು ಕಡೆ. ಲೆಕ್ಕ ತಪ್ಪಲ್ಲ, ಅವಳ ಮುಂದಿಟ್ಟಿರುವ ತಕ್ಕಡಿಯೇ ತಪ್ಪು.

ಈ ತಕ್ಕಡಿಯನ್ನು ಚೆನ್ನಾಗಿ ವಿವರಿಸಿದವರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೆರ್ರಿ ಮ್ಯಾಕಿ ಒಬ್ಬರು. 1996ರಲ್ಲಿ ಬರೆದ ಲೇಖನದಲ್ಲಿ ಅವರು ಛೇದನವನ್ನು ಚೀನಾದ ಪಾದಬಂಧನದ ಪಕ್ಕದಲ್ಲಿಟ್ಟು ನೋಡಿದರು. ಚೀನಾದಲ್ಲಿ ಸುಮಾರು ಸಾವಿರ ವರ್ಷ, ಪುಟ್ಟ ಹೆಣ್ಣುಮಕ್ಕಳ ಕಾಲ್ಬೆರಳುಗಳನ್ನು ಮಡಿಸಿ, ಬಟ್ಟೆ ಸುತ್ತಿ, ಪಾದ ಬೆಳೆಯದಂತೆ ಬಿಗಿಯುತ್ತಿದ್ದರು. ಬಿಗಿಯುತ್ತಿದ್ದವರು ತಾಯಂದಿರೇ. 17ನೇ ಶತಮಾನದಲ್ಲಿ ಚಿಂಗ್ ದೊರೆಗಳು ಅದನ್ನು ನಿಷೇಧಿಸಿದರು, ಜನ ಕೇಳಲಿಲ್ಲ, ಕೆಲವೇ ವರ್ಷಗಳಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡರು. ಆದರೆ 19ನೇ ಶತಮಾನದ ಕೊನೆಗೆ ಶುರುವಾದ ಪಾದಬಂಧನ ವಿರೋಧಿ ಸಂಘಗಳ ಕಾಲದಲ್ಲಿ ಅದು ಒಂದೆರಡು ತಲೆಮಾರುಗಳಲ್ಲೇ ಮಾಯವಾಗತೊಡಗಿತು. ಡಿಂಗ್‌ಶಿಯಾನ್ ಪ್ರಾಂತದಲ್ಲಿ ಸಿಡ್ನಿ ಗ್ಯಾಂಬಲ್ ನಡೆಸಿದ ಸಮೀಕ್ಷೆಯಲ್ಲಿ, 1890ಕ್ಕೆ ಮುಂಚೆ ಹುಟ್ಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರ ಪಾದಗಳೂ ಬಂಧಿತವಾಗಿದ್ದವು. ಅದಾಗಿ ಮೂವತ್ತು ವರ್ಷಕ್ಕೆ ಹುಟ್ಟಿದವರಲ್ಲಿ ಒಬ್ಬರದೂ ಇರಲಿಲ್ಲ.

ಆ ಸಂಘಗಳು ಮಾಡಿದ್ದೇನು? ಪಾದಬಂಧನ ಕೆಟ್ಟದ್ದು ಎಂದು ಪ್ರಚಾರ ಮಾಡಿದವು ನಿಜ. ಅದರ ಜೊತೆಗೆ ಸದಸ್ಯರಿಂದ ಎರಡು ಮಾತು ಪಡೆದವು: ನನ್ನ ಮಗಳ ಪಾದ ಬಂಧಿಸುವುದಿಲ್ಲ, ಪಾದ ಬಂಧಿಸಿದ ಹುಡುಗಿಯನ್ನು ನನ್ನ ಮಗನಿಗೆ ತರುವುದಿಲ್ಲ. ಎರಡನೆಯ ಮಾತಿನಲ್ಲಿ ಇಡೀ ಗುಟ್ಟು ಇದೆ. ಒಬ್ಬ ತಾಯಿ ಒಬ್ಬಳೇ ನಿಲ್ಲಿಸಿದರೆ ಬೆಲೆ ತೆರುವವಳು ಅವಳ ಮಗಳು. ಹತ್ತು ಮನೆ ಕೂಡಿ ನಿಲ್ಲಿಸಿದರೆ ಆ ಹತ್ತು ಮನೆಯೊಳಗೇ ಗಂಡೂ ಉಂಟು ಹೆಣ್ಣೂ ಉಂಟು. ಯಾರೂ ಏನನ್ನೂ ಕಳೆದುಕೊಳ್ಳಬೇಕಿಲ್ಲ. ವರದಕ್ಷಿಣೆಯನ್ನು ಬಲ್ಲ ನಮಗೆ ಇದನ್ನು ಯಾರೂ ಹೊಸದಾಗಿ ವಿವರಿಸಬೇಕಿಲ್ಲ. 1961ರಿಂದ ನಮ್ಮಲ್ಲಿ ವರದಕ್ಷಿಣೆಯ ವಿರುದ್ಧ ಕಾನೂನಿದೆ. ‘ನಮಗೇನೂ ಬೇಡ, ಆದರೆ ಜನ ಏನಂದಾರು’ ಎಂಬ ಮಾತೂ ಅದರ ಜೊತೆಯಲ್ಲೇ ಇದೆ.

ಮ್ಯಾಕಿಯವರ ವಾದ ಪುಸ್ತಕದ ಬದನೆಕಾಯಿಯಾಗಿ ಉಳಿಯಲಿಲ್ಲ. ಆ ಲೇಖನ ಬಂದ ಮರುವರ್ಷ, ಅದರ ಸುಳಿವೂ ಇಲ್ಲದ ಸೆನೆಗಲ್‌ನ ಒಂದು ಹಳ್ಳಿಯಲ್ಲಿ ಅದೇ ಮಾತು ನಡೆದುಹೋಯಿತು. ಮಲಿಕುಂಡ ಬಂಬಾರ ಎಂಬ ಆ ಹಳ್ಳಿಯ ಹೆಂಗಸರು, 1991ರಲ್ಲಿ ಮಾಲಿ ಮೆಲ್ಚಿಂಗ್ ಸ್ಥಾಪಿಸಿದ ಟೋಸ್ಟನ್ ಸಂಸ್ಥೆಯ ತರಗತಿಗಳಿಗೆ ಬರುತ್ತಿದ್ದರು. ತಮ್ಮದೇ ಭಾಷೆಯಲ್ಲಿ ಓದುಬರಹ, ಆರೋಗ್ಯ, ಹಕ್ಕುಗಳ ಬಗ್ಗೆ ಕಲಿಯುತ್ತಿದ್ದರು. ಛೇದನವನ್ನು ಬಿಡಿ ಎಂದು ಅಲ್ಲಿ ಯಾರೂ ಅವರಿಗೆ ಆಜ್ಞೆ ಮಾಡಲಿಲ್ಲ. ಸೋಂಕು ಹೇಗೆ ಹರಡುತ್ತದೆ, ಹೆರಿಗೆಯಲ್ಲಿ ಏನಾಗುತ್ತದೆ ಎಂದು ತಿಳಿಯುತ್ತ ಹೋದ ಹಾಗೆ ಅವರೇ ಆ ಮಾತನ್ನು ಬಾಯಿಬಿಟ್ಟು ಆಡಿದರು. 1997ರ ಜುಲೈ 31ರಂದು, ಪತ್ರಕರ್ತರ ಎದುರಿಗೆ, ಇನ್ನು ನಮ್ಮ ಹೆಣ್ಣುಮಕ್ಕಳನ್ನು ಕತ್ತರಿಸುವುದಿಲ್ಲ ಎಂದು ಬಹಿರಂಗವಾಗಿ ಘೋಷಿಸಿದರು.

ಆದರೆ ಈ ಕತೆಯಲ್ಲಿ ನನ್ನ ಮನಸ್ಸು ಹಿಡಿದವರು ಇನ್ನೊಬ್ಬರು. ಕೆರ್ ಸಿಂಬಾರ ಎಂಬ ಪಕ್ಕದ ಹಳ್ಳಿಯ ಹಿರಿಯರು, ಇಮಾಮರು, ಡೆಂಬಾ ಡಿಯಾವಾರ. ಮಲಿಕುಂಡದ ಘೋಷಣೆ ಕೇಳಿದ ಅವರು ಮೆಚ್ಚುವ ಬದಲು ಚಿಂತೆಗೆ ಬಿದ್ದರು. ಅವರ ತರ್ಕ ಸರಳ: ನಮ್ಮ ಮಕ್ಕಳ ಮದುವೆ ನಮ್ಮ ಊರಿನೊಳಗೇ ಆಗುವುದಿಲ್ಲ, ನಮ್ಮ ಸಂಬಂಧ ಸುತ್ತಲ ಹಳ್ಳಿಗಳಲ್ಲಿ ಹರಡಿದೆ, ಅವರನ್ನು ಕೇಳದೆ ನಾವು ಒಬ್ಬರೇ ತೀರ್ಮಾನಿಸಿದರೆ ಅದು ಅವರಿಗೆ ಮಾಡುವ ಅವಮಾನ, ನಮ್ಮ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. ಹಾಗೆಂದುಕೊಂಡ ಆ ಹಿರಿಯರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ, ನಡೆದರು. ನೆಂಟರಿಷ್ಟರ ಹಳ್ಳಿಯಿಂದ ಹಳ್ಳಿಗೆ ಹೋಗಿ, ಕೂತು, ಕೇಳಿ, ಹೇಳಿ, ಮತ್ತೆ ಮತ್ತೆ ಹೋಗಿ ಮಾತಾಡಿದರು. 1998ರ ಫೆಬ್ರವರಿಯಲ್ಲಿ ಡಿಯಾಬುಗು ಎಂಬಲ್ಲಿ 13 ಹಳ್ಳಿಗಳು ಒಟ್ಟಿಗೆ ಘೋಷಣೆ ಮಾಡಿದವು. ದೂರದ ವಿಶ್ವವಿದ್ಯಾಲಯದ ವಿದ್ವಾಂಸರು ತರ್ಕದಿಂದ ಕಂಡುಕೊಂಡ ಸತ್ಯವನ್ನು ಈ ಹಿರಿಯರು ನೆಂಟಸ್ತನದ ತಿಳಿವಳಿಕೆಯಿಂದಲೇ ಕಂಡುಕೊಂಡಿದ್ದರು.

ಮೇರುವಿನ ಹಿರಿಯರೂ ಹಿರಿಯರೇ, ಕೆರ್ ಸಿಂಬಾರದ ಹಿರಿಯರೂ ಹಿರಿಯರೇ. ವ್ಯತ್ಯಾಸವೆಲ್ಲಿ? ಒಂದು ಕಡೆ ಗಂಡಸರು ಅಧಿಕಾರಿಗಳ ಜೊತೆ ಕೂತು ಹೆಂಗಸರ ವಿಷಯವನ್ನು ಹೆಂಗಸರನ್ನು ಕೇಳದೆ ತೀರ್ಮಾನಿಸಿದರು. ಮೇರುವಿನ ಹುಡುಗಿಗೆ ಛೇದನವೆಂದರೆ ನೋವಷ್ಟೇ ಆಗಿರಲಿಲ್ಲ. ಅದು ಅವಳನ್ನು ದೊಡ್ಡವಳನ್ನಾಗಿಸುವ, ಅಜ್ಜಿಯರ ಸಾಲಿಗೆ ಸೇರಿಸುವ ಬಾಗಿಲಾಗಿತ್ತು. ಬೇರೆ ಬಾಗಿಲು ತೆರೆಯದೆ ಇದ್ದ ಬಾಗಿಲಿಗೆ ಬೀಗ ಹಾಕಿದಾಗ ಅವಳು ಬೀಗ ಒಡೆದಳು. ಮೇಲಾಗಿ ಬೀಗ ಹಾಕಿದವರು ನೆಲ ಕಿತ್ತುಕೊಂಡ ಪರದೇಶಿಗಳ ಕಡೆಯವರು. ಜೋಮೋ ಕೆನ್ಯಾಟ್ಟಾರಂಥ ವಿದ್ಯಾವಂತರೇ 1938ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ಮಿಷನರಿಗಳು ಖಂಡಿಸುತ್ತಿದ್ದ ಈ ಆಚಾರವನ್ನು ಕಿಕುಯು ಸಮಾಜದ ಕಟ್ಟಿನ ಭಾಗವೆಂದು ಸಮರ್ಥಿಸಿದ್ದರು. ಹೊರಗಿನವರು ಒಂದು ಆಚಾರವನ್ನು ನಮ್ಮ ಮಾನದ ಗುರುತಾಗಿ ಮಾಡಿಬಿಟ್ಟರೆ, ಅದನ್ನು ಬಿಡುವುದು ಸೋಲಿನಂತೆ ಕಾಣಿಸುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಸುಖಾಂತ್ಯದ ಪಾಠವೊಂದು ಸಿಗುತ್ತದೆ: ಕಾನೂನು ಬೇಡ, ಸಂವಾದ ಸಾಕು. ಆದರೆ ವಾಸ್ತವ ಅಷ್ಟು ಸರಳವಾಗಿಲ್ಲ. ಮೊದಲನೆಯದಾಗಿ, ಘೋಷಣೆ ಮಾಡಿದ ಊರಿನ ಮನೆಮನೆಯಲ್ಲೂ ಆಚಾರ ನಿಂತೇಬಿಟ್ಟಿತು ಎಂದಲ್ಲ. ಸಾವಿರಾರು ಹಳ್ಳಿಗಳು ಘೋಷಣೆ ಮಾಡಿದ ಮೇಲೂ ಸೆನೆಗಲ್‌ನ ಸುಮಾರು ಕಾಲು ಭಾಗದಷ್ಟು ಹೆಂಗಸರು ಛೇದನಕ್ಕೆ ಒಳಗಾದವರೆಂದೇ ಅಲ್ಲಿನ ಸಮೀಕ್ಷೆಗಳು ವರ್ಷಗಟ್ಟಲೆ ಹೇಳುತ್ತ ಬಂದವು. ಎರಡನೆಯದಾಗಿ, ಮದುವೆಯ ಲೆಕ್ಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಮಾನವಶಾಸ್ತ್ರಜ್ಞೆ ಬೆಟಿನಾ ಶೆಲ್-ಡಂಕನ್ ಮತ್ತು ಸಂಗಡಿಗರು ಸೆನೆಗಲ್, ಗ್ಯಾಂಬಿಯಾಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಕಂಡದ್ದು, ಅಲ್ಲಿ ಛೇದನದ ಬಲ ಹೆಂಗಸರ ನಡುವಣ ಸಂಬಂಧದಲ್ಲಿದೆ ಎಂಬುದು. ಗಂಡನ ಮನೆಗೆ ಹೋದ ಸೊಸೆಗೆ ಅತ್ತೆಯ, ಓರಗಿತ್ತಿಯರ ಆಸರೆ ಬೇಕು. ಆ ವಲಯದೊಳಗೆ ಸೇರಲು ಇದು ಟಿಕೆಟ್ಟು. ಅಂದರೆ ಗಂಡಿನ ತಂದೆ ‘ನಮಗೆ ಬೇಕಿಲ್ಲ’ ಅಂದರೂ ಅತ್ತೆ ಒಪ್ಪದೆ ಗಂಟು ಸಡಿಲುವುದಿಲ್ಲ.

ಹಾಗಾದರೆ ಅಭಿವೃದ್ಧಿ? ಶಾಲೆ, ಆಸ್ಪತ್ರೆ, ಸಂಪಾದನೆ ಬಂದರೆ ಇದು ತಾನಾಗಿ ಉದುರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿದೆ. ಮಗಳು ಮದುವೆಯೊಂದನ್ನೇ ನೆಚ್ಚಿಕೊಳ್ಳದೆ ಬದುಕಬಲ್ಲಳು ಅನ್ನುವಾಗ ತಾಯಿಯ ತಕ್ಕಡಿಯೇ ಬದಲಾಗುತ್ತದೆ. ಚೀನಾದ ವಿಷಯದಲ್ಲೂ ಲಾರೆಲ್ ಬೋಸನ್ ಮತ್ತು ಹಿಲ್ ಗೇಟ್ಸ್ ಎಂಬ ಸಂಶೋಧಕಿಯರು ಹೊಸ ಮಾತೊಂದನ್ನು ಸೇರಿಸಿದ್ದಾರೆ. ಪಾದ ಬಿಗಿಸಿಕೊಂಡ ಹುಡುಗಿಯರು ಮನೆಯಲ್ಲಿ ಕೂತು ನೂಲುತ್ತಿದ್ದರು. ಕಾರ್ಖಾನೆಯ ನೂಲು ಬಂದು ಆ ಕೈಗೆಲಸದ ಬೆಲೆ ಬಿದ್ದಾಗ ಅವರನ್ನು ಹಾಗೆ ಕೂರಿಸುವ ಕಾರಣವೂ ಸಡಿಲವಾಯಿತು ಎನ್ನುತ್ತಾರೆ ಅವರು. ಪ್ರತಿಜ್ಞೆಗಳು ಫಲ ಕೊಡಲು ನೆಲವೂ ಹದವಾಗಿರಬೇಕು.

ಆದರೆ ಅಭಿವೃದ್ಧಿಗೆ ತನ್ನದೇ ಕಣ್ಣಿಲ್ಲ. ಅದಕ್ಕೆ ಈಜಿಪ್ಟ್ ಸಾಕ್ಷಿ. ಅಲ್ಲಿ ಶಾಲೆಗಳು ಬಂದವು, ಆಸ್ಪತ್ರೆಗಳು ಬಂದವು, ಛೇದನ ಆಸ್ಪತ್ರೆಯೊಳಗೇ ಬಂದು ಕೂತಿತು. ಹೊಸ ತಲೆಮಾರಿನ ಹುಡುಗಿಯರಲ್ಲಿ ಬಹುಪಾಲು ಮಂದಿಯನ್ನು ಕತ್ತರಿಸಿದ್ದು ಹಳ್ಳಿಯ ಸೂಲಗಿತ್ತಿಯಲ್ಲ, ವೈದ್ಯರು ಮತ್ತು ನರ್ಸುಗಳು. ಆರೋಗ್ಯದ ಅಪಾಯವನ್ನಷ್ಟೇ ಹೇಳುತ್ತ ಬಂದ ಪ್ರಚಾರಕ್ಕೆ ತಾಯಂದಿರು ಕೊಟ್ಟ ಉತ್ತರ ಅದು: ಅಪಾಯವಿದ್ದರೆ ಡಾಕ್ಟರ ಹತ್ತಿರ ಮಾಡಿಸೋಣ. 2007ರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೀಗೆ ಚಿಕಿತ್ಸಾಲಯದಲ್ಲೇ ಸತ್ತಳು. ಮರುವರ್ಷ ಈಜಿಪ್ಟ್ ಛೇದನವನ್ನು ಅಪರಾಧವೆಂದು ಸಾರಿತು. 2013ರಲ್ಲಿ ಮತ್ತೊಬ್ಬಳು, ಹದಿಮೂರರವಳು, ಸತ್ತಳು. 2015ರಲ್ಲಿ ಆ ವೈದ್ಯನಿಗೆ ಆದ ಶಿಕ್ಷೆಯೇ ಆ ದೇಶದಲ್ಲಿ ಈ ಕಾನೂನಿನಡಿ ಆದ ಮೊದಲ ಶಿಕ್ಷೆ. ತಮ್ಮ ಆರನೆಯ ವಯಸ್ಸಿನಲ್ಲಿ ಕತ್ತರಿಗೆ ಒಳಗಾಗಿ, ಮುಂದೆ ವೈದ್ಯೆಯಾಗಿ, ಲೇಖಕಿಯಾಗಿ ಇದರ ವಿರುದ್ಧ ಬರೆದ ನವಾಲ್ ಎಲ್ ಸಾದಾವಿ 1972ರಷ್ಟು ಹಿಂದೆಯೇ ಆರೋಗ್ಯ ಇಲಾಖೆಯ ಹುದ್ದೆ ಕಳೆದುಕೊಂಡಿದ್ದರು ಎಂಬುದನ್ನು ನೆನೆದರೆ, ಆ ಶಿಕ್ಷೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದು ತಿಳಿಯುತ್ತದೆ.

ಕಾನೂನಿಗೂ ತನ್ನದೇ ಕಾಲಿಲ್ಲ. ಗಿನಿ ದೇಶದಲ್ಲಿ 1965ರಿಂದಲೇ ನಿಷೇಧವಿದೆ. ಅಲ್ಲಿನ ನೂರು ಹೆಂಗಸರಲ್ಲಿ ತೊಂಬತ್ತೈದು ಮಂದಿ ಛೇದನಕ್ಕೆ ಒಳಗಾದವರು. ಆದರೂ ಕಾನೂನನ್ನು ಅಲಂಕಾರವೆಂದು ತಳ್ಳಿಹಾಕುವ ಹಾಗಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಗ್ಯಾಂಬಿಯಾವನ್ನು ನೋಡಬೇಕು. ಅಲ್ಲಿ 2015ರಲ್ಲಿ ನಿಷೇಧ ಬಂತು. ಎಂಟು ವರ್ಷ ಯಾರಿಗೂ ಶಿಕ್ಷೆಯಾಗಲಿಲ್ಲ. 2023ರಲ್ಲಿ ಮೂವರು ಹೆಂಗಸರಿಗೆ ದಂಡ ಬಿದ್ದಾಗ ಧರ್ಮಗುರುವೊಬ್ಬರು ಅವರ ದಂಡ ಕಟ್ಟಿದರು. ನಿಷೇಧವನ್ನೇ ತೆಗೆದುಹಾಕುವ ಮಸೂದೆ 2024ರಲ್ಲಿ ಸಂಸತ್ತಿಗೆ ಬಂತು. ಜುಲೈನಲ್ಲಿ ಸಂಸತ್ತು ಅದನ್ನು ತಿರಸ್ಕರಿಸಿತು. ಆ ತಿಂಗಳುಗಳಲ್ಲಿ ದೇಶದ ಹೆಂಗಸರು ತಮ್ಮ ದೇಹಕ್ಕೆ ಆದದ್ದನ್ನು ಸಮಿತಿಗಳ ಮುಂದೆ, ಮಾಧ್ಯಮದ ಮುಂದೆ ಹೇಳಿಕೊಂಡರು. ಅಡುಗೆಮನೆಯ ಹಿಂದಿನ ಪಿಸುಮಾತು ರಾಷ್ಟ್ರದ ಚರ್ಚೆಯಾಯಿತು. ಕಾನೂನಿಲ್ಲದಿದ್ದರೆ ಆ ವೇದಿಕೆಯೇ ಇರುತ್ತಿರಲಿಲ್ಲ.

ಕಾನೂನು ಇನ್ನೊಂದು ಸಣ್ಣ ಉಪಕಾರ ಮಾಡುತ್ತದೆ. ಮನಸ್ಸಿಲ್ಲದ ತಾಯಿಗೆ ಅದು ನೆಪ ಕೊಡುತ್ತದೆ. ‘ಅತ್ತೆ, ನನಗೂ ಮಾಡಿಸಬೇಕೆಂದಿದೆ, ಏನು ಮಾಡಲಿ, ಪೊಲೀಸರು ಹಿಡಿಯುತ್ತಾರಂತೆ’ ಎಂದು ಅವಳು ಅನ್ನಬಹುದು. ಸಂಪ್ರದಾಯವನ್ನು ನೇರವಾಗಿ ಎದುರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಧೈರ್ಯವಿಲ್ಲದವಳಿಗೆ ಸುಳ್ಳೊಂದನ್ನು ಒದಗಿಸಿ ಅವಳ ಮಗಳನ್ನು ಉಳಿಸುವುದಾದರೆ ಅದು ಕಾನೂನಿನ ಘನತೆಗೆ ಕುಂದಲ್ಲ. 1998ರಲ್ಲಿ ಕೆನ್ಯಾದ ಶೇ. 38ರಷ್ಟು ಹೆಂಗಸರು ಛೇದನಕ್ಕೆ ಒಳಗಾಗಿದ್ದರು. 2022ರ ಹೊತ್ತಿಗೆ ಅದು ಶೇ. 15ಕ್ಕೆ ಇಳಿದಿತ್ತು. ಅಲ್ಲಿ 2011ರ ಕಾನೂನಿದೆ, ಹೆಣ್ಣುಮಕ್ಕಳ ಶಾಲೆಗಳಿವೆ, ಕತ್ತರಿಯಿಲ್ಲದೆ ಹುಡುಗಿಯನ್ನು ದೊಡ್ಡವಳೆಂದು ಸಾರುವ ಹೊಸ ಸಂಸ್ಕಾರಗಳೂ ಇವೆ. ಹಾಗೆಯೇ ಅದೇ ದೇಶದ ಈಶಾನ್ಯದ ಸೊಮಾಲಿ ಸಮುದಾಯಗಳಲ್ಲಿ ಆಚಾರ ಇನ್ನೂ ಹೆಚ್ಚುಕಡಿಮೆ ಸಾರ್ವತ್ರಿಕ. ಒಂದೇ ಕಾನೂನು, ಎರಡು ನೆಲ.

ಇದು ನಮ್ಮಿಂದ ದೂರದ ವಿಷಯವೂ ಅಲ್ಲ. ಭಾರತದಲ್ಲಿ ದಾವೂದಿ ಬೋಹ್ರಾ ಸಮುದಾಯದಲ್ಲಿ ಹುಡುಗಿಗೆ ಏಳು ವರ್ಷವಾಗುವ ಹೊತ್ತಿಗೆ ‘ಖತ್ನಾ’ ಅಥವಾ ‘ಖಫ್ಜ್’ ಮಾಡಿಸುವ ಪದ್ಧತಿ ಇದೆ. ಗುಜರಾತ್, ಮುಂಬೈಗಳಲ್ಲಿ ಹೆಚ್ಚಾಗಿರುವ ಈ ಸಮುದಾಯದ ಕುಟುಂಬಗಳು ನಮ್ಮ ಬೆಂಗಳೂರಿನಲ್ಲೂ ಇವೆ. ಆ ಸಮುದಾಯದ ಹೆಂಗಸರೇ ಮುಂದೆ ಬಂದು ತಮ್ಮ ಬಾಲ್ಯದ ಆ ದಿನದ ಬಗ್ಗೆ ಬರೆದರು, ಮಾತಾಡಿದರು. 2015ರಲ್ಲಿ ‘ಸಹಿಯೋ’ ಎಂಬ ಸಂಘಟನೆ ಹುಟ್ಟಿತು. ಗುಜರಾತಿಯಲ್ಲಿ ಸಹಿಯೋ ಅಂದರೆ ಗೆಳತಿಯರು. ಅದೇ ಸಮುದಾಯದ ಬೇರೆ ಹೆಂಗಸರು, ಇದು ಹಾನಿಯಿಲ್ಲದ ಧಾರ್ಮಿಕ ವಿಧಿ, ಇದನ್ನು ಛೇದನವೆಂದು ಕರೆಯುವುದೇ ತಪ್ಪು ಎಂದು ಸಂಘ ಕಟ್ಟಿಕೊಂಡರು. 2017ರಲ್ಲಿ ನಿಷೇಧ ಕೋರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2018ರ ಸೆಪ್ಟೆಂಬರಿನಲ್ಲಿ ಅದನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಇಲ್ಲಿ ಹೊರಗಿನವರಾದ ನಾವು ಎಚ್ಚರದಿಂದಿರಬೇಕು. ಒಂದು ಸಮುದಾಯವನ್ನು ಹಳಿಯಲು ಅದರ ಹೆಣ್ಣುಮಕ್ಕಳ ನೋವನ್ನು ದೊಣ್ಣೆ ಮಾಡಿಕೊಂಡರೆ, ಮೇರುವಿನ ಅಧಿಕಾರಿಗಳು ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ. ಆ ದೊಣ್ಣೆಯ ಏಟು ಮೊದಲು ಬೀಳುವುದು ಒಳಗೆ ನಿಂತು ಮಾತಾಡುತ್ತಿರುವ ಗೆಳತಿಯರ ಮೇಲೆ. ಹಾಗೆಂದು ‘ಅವರ ಆಚಾರ ಅವರಿಗೆ’ ಎಂದು ಸುಮ್ಮನಾಗುವುದೂ ಒಂದು ಪಕ್ಷ ವಹಿಸಿದಂತೆಯೇ, ಏಳು ವರ್ಷದವಳ ವಿರುದ್ಧದ ಪಕ್ಷ.

ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಗಳಲ್ಲಿ ವರ್ಷ ತುಂಬದ ಕೂಸಿನ ಕಿವಿ ಚುಚ್ಚಿಸುತ್ತೇವೆ. ಕೂಸನ್ನು ಕೇಳಿರುತ್ತೇವೆಯೇ? ಇಲ್ಲ. ಹಾಗಾದರೆ ಅವರದು ಮಾತ್ರ ಯಾಕೆ ತಪ್ಪು? ನ್ಯಾಯವಾದ ಪ್ರಶ್ನೆ. ನನಗೆ ತೋಚುವ ಉತ್ತರ ಮೂರು ಅಳತೆಗಳಲ್ಲಿದೆ: ಹೋಗುವುದೇನು, ಹೋದದ್ದು ಮರಳುತ್ತದೆಯೇ, ಮಗಳು ದೊಡ್ಡವಳಾಗಿ ತಾನೇ ತೀರ್ಮಾನಿಸುವವರೆಗೆ ಕಾಯಲು ಆಗದೇ? ಚುಚ್ಚಿದ ಕಿವಿ ಕೇಳುವುದನ್ನು ನಿಲ್ಲಿಸುವುದಿಲ್ಲ. ಬೇಡವೆಂದು ಓಲೆ ತೆಗೆದಿಟ್ಟರೆ ತೂತು ಎಷ್ಟೋ ಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಛೇದನದಲ್ಲಿ ಹೋಗುವುದು ಒಂದು ಅಂಗದ ಅನುಭವವೇ, ಅದು ಮರಳುವುದಿಲ್ಲ. ಮಗುವಿನ ದೇಹ ತಾಯ್ತಂದೆಯರ ಕೈಯಲ್ಲಿರುವ ಇಡುಗಂಟು. ಊಟ ಕೊಟ್ಟು, ಲಸಿಕೆ ಹಾಕಿಸಿ, ಕಾಪಾಡಿ ಅದನ್ನು ಅದರ ಒಡತಿಗೆ ಒಪ್ಪಿಸಬೇಕು. ಅವಳು ಬರುವ ಮೊದಲೇ ಖರ್ಚು ಮಾಡಬಾರದು. ಈ ಅಳತೆಗಳನ್ನು ಒಪ್ಪಿದರೆ ಗಂಡುಮಕ್ಕಳ ಸುನ್ನತಿಯ ಬಗ್ಗೆಯೂ ನಮ್ಮದೇ ಬೇರೆ ಆಚಾರಗಳ ಬಗ್ಗೆಯೂ ಪ್ರಶ್ನೆಗಳು ಏಳುತ್ತವೆ. ಏಳಲಿ. ಹಾನಿಯ ಪ್ರಮಾಣದಂತೆ ಉತ್ತರಗಳು ಬೇರೆಯಾಗಬಹುದು. ಅಳತೆಗೋಲು ಮಾತ್ರ ಅವರಿಗೊಂದು ನಮಗೊಂದು ಇರಕೂಡದು.

ಈಗ ಮೊದಲಿನ ಪ್ರಶ್ನೆಗೆ ಹಿಂತಿರುಗುತ್ತೇನೆ: ತಪ್ಪು ಯಾರದು? ಒಬ್ಬಳದೂ ಅಲ್ಲದ ತಪ್ಪು ಯಾರದೂ ಅಲ್ಲದ ತಪ್ಪು ಎಂದಾಗಬೇಕಿಲ್ಲ. ಗಂಟನ್ನು ಸಡಿಲಿಸುವ ಶಕ್ತಿ ಯಾರಿಗೆ ಎಷ್ಟಿದೆಯೋ ಹೊಣೆಯೂ ಅವರಿಗೆ ಅಷ್ಟೇ ಇದೆ ಎಂದು ನನಗೆ ಅನಿಸುತ್ತದೆ. ಚಿಕಿತ್ಸಾಲಯದಲ್ಲಿ ಹಣ ಎಣಿಸಿಕೊಂಡು ಕತ್ತರಿ ಹಿಡಿಯುವ ವೈದ್ಯನಿಗೆ ಯಾವ ಬಹಿಷ್ಕಾರದ ಭಯವೂ ಇಲ್ಲ. ಕಾನೂನಿನ ಪೂರ್ತಿ ಭಾರ ಅವನ ಮೇಲೆ ಬೀಳಲಿ. ಧರ್ಮಪೀಠದ ಮೇಲೆ ಕೂತು ಒಂದು ಮಾತಿನಲ್ಲಿ ಸಾವಿರ ಮನೆಗಳನ್ನು ಬಿಡುಗಡೆ ಮಾಡಬಲ್ಲವರು ಬಾಯಿ ಮುಚ್ಚಿಕೊಂಡಿದ್ದರೆ, ಆ ಮೌನಕ್ಕೆ ಅವರು ಉತ್ತರ ಹೇಳಬೇಕು. ಗಂಡಿನ ಕಡೆಯವರು, ಅತ್ತೆಯಂದಿರು, ‘ಇದೆಲ್ಲ ಹೆಂಗಸರ ವಿಷಯ’ ಎಂದು ಜಗಲಿಗೆ ಹೋಗಿ ಕೂರುವ ತಂದೆಯರು ಅವರ ನಂತರ ಬರುತ್ತಾರೆ. ಎಲ್ಲರಿಗಿಂತ ಕೊನೆಯಲ್ಲಿ ಬರಬೇಕಾದವಳು, ತಾನೂ ಅದೇ ಗಾಯ ಹೊತ್ತ, ಬೇರೆ ದಾರಿ ಕಾಣದ ತಾಯಿ. ನಮ್ಮ ಕಾನೂನುಗಳು ಅನೇಕ ಸಲ ಅವಳಿಂದಲೇ ಶುರುಮಾಡುತ್ತವೆ, ಯಾಕೆಂದರೆ ಕೈಗೆ ಸುಲಭವಾಗಿ ಸಿಗುವವಳು ಅವಳು. ಅವಳನ್ನು ಜೈಲಿಗೆ ಕಳಿಸಿದರೆ ಗಾಯಗೊಂಡ ಮಗು ತಾಯಿಯನ್ನೂ ಕಳೆದುಕೊಳ್ಳುತ್ತದೆ. ಜೈಲಿನ ಹೆದರಿಕೆಯಿಂದ ಇನ್ನೊಬ್ಬ ತಾಯಿ ರಕ್ತ ಸೋರುವ ಮಗಳನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ.

ಇದರರ್ಥ ತಾಯಿ ಮಾಡಿದ್ದು ಸರಿ ಎಂದಲ್ಲ. ಪ್ರೀತಿಯಿಂದ ಮಾಡಿದ ಗಾಯವೂ ಗಾಯವೇ. ಮಗಳು ಒಂದು ದಿನ ಬಂದು ‘ಯಾಕಮ್ಮ ಹೀಗೆ ಮಾಡಿದೆ’ ಎಂದು ಕೇಳಿದರೆ ಆ ಪ್ರಶ್ನೆಯನ್ನು ಅವಳ ಪರವಾಗಿ ನಾವ್ಯಾರೂ ಮನ್ನಿಸಲಾರೆವು. ಮನ್ನಿಸುವುದು ಬಿಡುವುದು ಮಗಳಿಗೆ ಸೇರಿದ್ದು. ನಮ್ಮ ಕೆಲಸ ಬೇರೆಯಿದೆ: ಮುಂದಿನ ತಾಯಿಗೆ ಆ ತಕ್ಕಡಿಯ ಮುಂದೆ ನಿಲ್ಲುವ ಪಾಡು ಬಾರದಂತೆ ನೋಡಿಕೊಳ್ಳುವುದು.

ಮೇರುವಿನ ನ್ಗೈಟಾನ ಹುಡುಗಿಯರನ್ನು ಈಗ ನೆನೆದಾಗ ನನಗೆ ಅವರ ಮೇಲೆ ಸಿಟ್ಟೂ ಬರುವುದಿಲ್ಲ, ಅವರನ್ನು ವೀರರೆಂದು ಹಾಡಲೂ ಮನಸ್ಸಾಗುವುದಿಲ್ಲ. ಯಾರಾದರೂ ಅವರ ಅಂಗಳಕ್ಕೆ ಬಂದು ಕೂತು ‘ನಿಮಗೇನನಿಸುತ್ತದೆ ಮಕ್ಕಳೇ’ ಎಂದು ಕೇಳಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸುತ್ತೇನೆ. ಸೆನೆಗಲ್‌ನ ಧೂಳಿನ ಹಾದಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ಆ ಇಮಾಮರೂ ಹಾಗೆಯೇ ಹೋಗಿ ಹೋಗಿ ಕೂತವರು. ಅವರ ಬಳಿ ಕಾನೂನಿನ ಪುಸ್ತಕವಿರಲಿಲ್ಲ. ಅದು 1999ರ ಜನವರಿಯಲ್ಲಿ ಬಂತು, ಅವರು ಅದಾಗಲೇ ತುಳಿದಿದ್ದ ಹಾದಿಯ ಮೇಲೆ ನಡೆದು ಬಂತು.